ಬೀಗ ಹಾಕಿದ ನಲ್ಲಿ

ಪ್ಲಂಬರ್ ಪ್ರೆಶರ್ ಟ್ಯಾಂಕಿನ ಗಾಳಿ ಪಿನ್ನು ಒತ್ತಿದ. ಗಾಳಿ ಬರಬೇಕಾದ ಕಡೆಯಿಂದ ನೀರು ಚಿಮ್ಮಿ ಯಜಮಾನಿಯ ಪಾದ ತೋಯಿಸಿತು.

"ಗಾಳಿಯ ಒತ್ತಡ ಹಿಡಿದಿಡೋ ಒಳಗಿನ ರಬ್ಬರ್ ಚೀಲ ಹರಿದಿದೆ ಅಮ್ಮಾ. ಅದಕ್ಕೇ ಒಂದು ಲೋಟ ನೀರು ಹಿಡಿದ್ರೂ ಬಾವಿ ಮೋಟಾರು ಓಡುತ್ತೆ. ಇದು ಹರಿದು ವರ್ಷದ ಮೇಲಾಗಿರಬೇಕು."

ಆ ವರ್ಷದ ಮೊದಲ ತಿಂಗಳುಗಳಲ್ಲಿ ಮೋಟಾರು ಗುರ್ರೆಂದಾಗಲೆಲ್ಲ ಆಕೆ ಸೊಸೆಯ ಮೇಲೆ ಹರಿಹಾಯ್ದಿದ್ದಳು: "ಮತ್ತೆ ನಲ್ಲಿ ಬಿಟ್ಟಿದೀಯಾ?" ಕೊನೆಗೆ ಸೊಸೆಯ ಬಚ್ಚಲಿನ ನಲ್ಲಿಗೆ ಬೀಗವನ್ನೇ ಜಡಿದಳು. ಮಾರನೆಯ ದಿನ ಸೊಸೆ ಬಟ್ಟೆಬರೆ ಕಟ್ಟಿಕೊಂಡು ಹೊರಟೇಹೋದಳು.

ಬಾಗಿಲಿಗೊರಗಿದ್ದ ಮಗ ಮೆಲ್ಲಗೆ ಕೇಳಿದ, "ಅವಳು ಹೋದ ಮೇಲೂ ಮೋಟಾರು ಓಡ್ತಾನೇ ಇತ್ತಲ್ಲಮ್ಮಾ. ಆಗ ಯಾಕೆ ಸುಮ್ಮನಿದ್ದೆ?"

ತಾಯಿ ಸೊಸೆಯ ಬಚ್ಚಲಿಗೆ ನಡೆದು, ಬೀಗಕ್ಕೆ ಕೀಲಿ ತೂರಿಸಿದಳು. ಬೀಗಕ್ಕೆ ತುಕ್ಕು ಹಿಡಿದಿತ್ತು. ಕೀಲಿ ತಿರುಗಲಿಲ್ಲ.