ಸದ್ದಿಲ್ಲದ ಊರು

ಕೊನೆಯ ಹಸುವಿನ ಗಂಟೆಯೊಳಕ್ಕೂ ಒಣಹುಲ್ಲು ತುರುಕಿ ವೆಂಡೆಲಿನ್ ಬೆನ್ನು ನೆಟ್ಟಗೆ ಮಾಡಿದ. ಹಸು ಕತ್ತು ಕೊಡವಿತು. ಗಂಟೆಯಿಂದ ಸದ್ದೇ ಹೊರಡಲಿಲ್ಲ.

“ಒಬ್ಬ ಪೀಫ್ಕೆ ಹೆಂಗಸಿಗೋಸ್ಕರ ಇಷ್ಟೆಲ್ಲ ವೇಷ,” ಎಂದ ದನಗಳ ಯಜಮಾನ ಕಾಸಿಯಾನ್. ಪೀಫ್ಕೆ ಎಂದರೆ ಆಸ್ಟ್ರಿಯಾದ ಟಿರೋಲ್‌ನವರು ಜರ್ಮನಿಯವರನ್ನು ಬೆನ್ನ ಹಿಂದೆ ಕರೆಯುವ ಹೆಸರು. ಎದುರಿಗೆ ಸಿಕ್ಕಾಗ ಅವರೇ ದೇವರು. “ನಾಳೆ ನನ್ನ ದನಗಳ ಬಾಯಿಗೂ ಹುಲ್ಲು ತುರುಕು ಅಂತೀಯ.”

“ಬಾಯಿಗೆ ಅವೇ ತುರುಕ್ಕೊಳ್ತಾವೆ. ನೀನು ನಿನ್ನ ಬಾಯಿ ಮುಚ್ಚು.”

ಹಿಂಟರ್‌ಮೋಸ್ ಹಳ್ಳಿಯಲ್ಲಿ ಇನ್ನೂ ಬಾಗಿಲು ತೆರೆದಿದ್ದ ವಸತಿಗೃಹ ವೆಂಡೆಲಿನ್‌ನದೊಂದೇ. ಹಿಮ ಬೀಳುವುದು ಕಡಿಮೆಯಾಯಿತು, ಜಾರಾಟದವರನ್ನು ಬೆಟ್ಟ ಹತ್ತಿಸುತ್ತಿದ್ದ ಲಿಫ್ಟ್ ನಿಂತಿತು, ಚಳಿಗಾಲದ ಗಿರಾಕಿಗಳು ಬೇರೆ ಕಡೆ ಮುಖ ಮಾಡಿದರು. ಈಗ ಹ್ಯಾಂಬರ್ಗ್‌ನ ಯಾವುದೋ ಸಂಘ ಬೇಸಗೆ ಕಳೆಯಲು ಆಲ್ಪ್ಸ್‌ನಲ್ಲೊಂದು ಹಳ್ಳಿ ಹುಡುಕುತ್ತಿತ್ತು. ನಲವತ್ತು ಜನ, ಊರು ಹಿಡಿಸಿದರೆ ಪ್ರತಿ ವರ್ಷವೂ ಬರುವವರು. ಸ್ವಿಟ್ಜರ್‌ಲೆಂಡಿನ ಎಂಗಾಡಿನ್, ಇಟಲಿಯೊಳಗಿನ ದಕ್ಷಿಣ ಟಿರೋಲ್, ಇಲ್ಲವೇ ಇಲ್ಲಿ. ಅವರು ಬಂದರೆ ವಸತಿಗೃಹ ಉಳಿಯಿತು. ಬಾರದಿದ್ದರೆ ಎಲೆ ಉದುರುವ ಹೊತ್ತಿಗೆ ಬಾಗಿಲಿಗೆ ಬೀಗ, ಹೆಂಡತಿ ಬುರ್ಗಿ ಕಣಿವೆಯ ಕೆಳಗಿನ ಸೂಪರ್‌ಮಾರ್ಕೆಟ್ಟಿನಲ್ಲಿ ಕೂಲಿಗೆ.

ಊರು ನೋಡಲು ಬರುವ ಮುಂಚೆ ಸಂಘದ ಕಾರ್ಯದರ್ಶಿ ಫ್ರಾವ್ ಲ್ಯೂಡರ್ಸ್ ಫೋನ್ ಮಾಡಿದ್ದಳು. ದನಗಳ ಗಂಟೆ ಕೋಣೆಯೊಳಕ್ಕೆ ಕೇಳಿಸುತ್ತದೆಯೆ? ಚರ್ಚಿನ ಗಂಟೆ ಎಷ್ಟು ಸಲ ಹೊಡೆಯುತ್ತದೆ? ಹುಂಜ ಇದೆಯೆ? ಚೌಕದ ತೊಟ್ಟಿಗೆ ರಾತ್ರಿಯೂ ನೀರು ಸುರಿಯುತ್ತದೆಯೆ? ಕೊಟ್ಟಿಗೆಯ ವಾಸನೆ ಎಲ್ಲಿಯವರೆಗೆ ಬರುತ್ತದೆ?

ವೆಂಡೆಲಿನ್‌ಗೆ ಮೈಯೆಲ್ಲ ಉರಿಯಿತು. ಈ ಜಾತಿಯನ್ನು ಅವನು ಅರೆದು ಕುಡಿದಿದ್ದ. ಇವರಿಗೆ ಹಾಲು ಬೇಕು, ಸಗಣಿ ಬೇಡ. ಹಿಂದಿನ ಬೇಸಗೆಯಲ್ಲಿ ಮ್ಯೂನಿಕ್‌ನವನೊಬ್ಬ ನಿದ್ದೆ ಕೆಟ್ಟಿತೆಂದು ಕಾಸಿಯಾನನ ಹಸುಗಳ ಮೇಲೆ ಕೋರ್ಟಿಗೆ ಹೋಗಿದ್ದ. ಇನ್ನೊಬ್ಬಳು, ತಿಂಡಿಯಾಗುವ ತನಕ ಹುಂಜ ಕೂಗದಂತೆ ನೋಡಿಕೊಳ್ಳಿ ಎಂದು ಬುರ್ಗಿಗೆ ಅಪ್ಪಣೆ ಮಾಡಿದ್ದಳು.

“ಒಂದು ಹುಳ ಕೂಡ ಪಿಟ್ ಅನ್ನಲ್ಲ ಮೇಡಂ, ಅಷ್ಟು ನಿಶ್ಶಬ್ದ,” ಎಂದಿದ್ದ ಫೋನಿನಲ್ಲಿ.

“ಹೌದೆ?” ಎಂದಿದ್ದಳು ಆಕೆ. “ಇರಲಿ, ಬಂದೇ ನೋಡ್ತೀನಿ.”

ನಂಬಲಿಲ್ಲ, ಪರೀಕ್ಷೆ ಮಾಡೋಕೆ ಬರ್ತಾಳೆ ಎಂದುಕೊಂಡ ವೆಂಡೆಲಿನ್. ಹುಂಜ ನೆಲಮಾಳಿಗೆ ಸೇರಿತು. ತೊಟ್ಟಿಯ ಕೊಳವೆಗೆ ಮರದ ಬೆಣೆ ಬಿತ್ತು. ಪಾದ್ರಿಯ ಕಾಲು ಹಿಡಿದು ಚರ್ಚಿನ ಗಂಟೆ ನಿಲ್ಲಿಸಿದ್ದಾಯಿತು. ಕೊಟ್ಟಿಗೆ ತೊಳೆದ ಪರಿಗೆ ಹಸುಗಳೇ ಒಳಗೆ ಹೋಗಲು ಹಿಂಜರಿದವು.

“ಗಂಟೆ ಬೇಕೋ ಬೇಡವೋ ಅಂತ ಅವಳನ್ನೇ ಒಂದು ಮಾತು ಕೇಳಿದ್ರೆ ನಿನ್ನಪ್ಪನ ಗಂಟೇನು ಹೋಗತ್ತೆ?” ಎಂದಳು ಬುರ್ಗಿ.

“ಬೇಕು ಅಂದ ಪಟ್ಟಣದವರನ್ನ ಹುಟ್ಟಿದ ಮೇಲೆ ಕಂಡಿದ್ದೀಯಾ ನೀನು?”

ಫ್ರಾವ್ ಲ್ಯೂಡರ್ಸ್ ಬಂದಳು. ಬಂದವಳಿಗೆ ಬೆಟ್ಟದ ಕಡೆ ಕಣ್ಣೆತ್ತುವ ಸೌಜನ್ಯವೂ ಇಲ್ಲ. ಅತ್ಯುತ್ತಮ ಕೋಣೆಯ ಪರದೆ ಸರಿಸಿ, ಹಿಮಶಿಖರ ಹೊಳೆಯುವುದನ್ನು ವೆಂಡೆಲಿನ್ ತೋರಿಸಿದರೆ ಆಕೆ ಕಿಟಕಿಯ ಹಿಡಿ ತಿರುಗಿಸಿ ತಿರುಗಿಸಿ ನೋಡಿದಳು. ಮೊಗಸಾಲೆಯಲ್ಲಿ ಕಣ್ಣು ಮುಚ್ಚಿಕೊಂಡು ಗೊಂಬೆಯಂತೆ ನಿಂತಳು. ಕೊಟ್ಟಿಗೆಯ ಬಾಗಿಲಿಗೆ ಮೂಗು ತೂರಿಸಿದಳು. ಸೌದೆಯ ಒಟ್ಟಿಲನ್ನೂ ಮೂಸಿದಳು. ಎಲ್ಲಿ ಹುಳುಕು ಸಿಗುತ್ತದೋ ಎಂದು ಹುಡುಕುವ ನಾಯಿಬುದ್ಧಿ, ಎಂದುಕೊಂಡ ವೆಂಡೆಲಿನ್.

ಸಂಜೆ ಬ್ರೆಡ್ಡಿನ ಉಂಡೆ ಹಾಕಿದ ಸಾರು ಬಡಿಸುತ್ತ ಬುರ್ಗಿ ಕೇಳಿಯೇಬಿಟ್ಟಳು. “ಬರೋರು ಎಂಥ ಜನ ಮೇಡಂ?”

“ಅದನ್ನ ಮೊದಲೇ ಹೇಳಿದ್ರೆ ಎಲ್ಲರೂ ಅತಿ ಉಪಚಾರ ಶುರು ಮಾಡ್ತಾರಮ್ಮ. ಊರು ಹೇಗಿದೆಯೋ ಹಾಗೇ ನೋಡಬೇಕು ನನಗೆ.”

ಒಳಗೆ ಬಂದ ವೆಂಡೆಲಿನ್ ಹಣೆ ಚಚ್ಚಿಕೊಂಡ. “ಕೇಳಿದೆಯಾ? ನಿವೃತ್ತ ನ್ಯಾಯಾಧೀಶರೇ ಇರಬೇಕು. ನಲವತ್ತು ಜನ! ಹಸು ಕೆಮ್ಮಿದ್ರೂ ನೋಟಿಸ್ ಬರತ್ತೆ. ನಾನು ಹುಲ್ಲು ತುರುಕಿದ್ದು ಎಷ್ಟು ಒಳ್ಳೇದಾಯ್ತು ನೋಡು.”

ಊರಿಗೆ ಊರೇ ಹೆಣ ಇಟ್ಟುಕೊಂಡ ಮನೆಯಂತೆ ಮಲಗಿತು. ಹುಟ್ಟಿದಾಗಿನಿಂದ ತೊಟ್ಟಿಯ ಸದ್ದಿಗೇ ನಿದ್ದೆ ಮಾಡಿದ ಬುರ್ಗಿಗೆ ಕಣ್ಣು ಹತ್ತಲಿಲ್ಲ.

ಮರುದಿನ ಇಡೀ ಫ್ರಾವ್ ಲ್ಯೂಡರ್ಸ್ ಓಣಿ ಓಣಿ ಅಲೆದಳು. ಮೂಲೆ ಮೂಲೆಯಲ್ಲಿ ನಿಂತಳು, ಏನನ್ನೋ ಕಾದಳು, ತಲೆಯಾಡಿಸಿ ಮುಂದೆ ಹೋದಳು. ವೆಂಡೆಲಿನ್ ಕಿಟಕಿಯಿಂದ ನೋಡಿ ಮೀಸೆಯಲ್ಲೇ ನಕ್ಕ. ಹುಡುಕು ತಾಯಿ, ಹುಡುಕು. ಒಂದು ತಪ್ಪು ಸಿಕ್ಕರೆ ಹೇಳು.

ಅದರ ಮರುದಿನ ಬೆಳಿಗ್ಗೆ ಆಕೆ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಎಂಗಾಡಿನ್‌ಗೆ ಈಗ ತಾನೇ ಫೋನ್ ಮಾಡಿ ಒಪ್ಪಿಗೆ ಕೊಟ್ಟೆ,” ಎಂದಳು. “ಕ್ಷಮಿಸಿ. ನಿಮ್ಮ ಹೆಂಡತಿ ಕೈಯ ಊಟ ಮರೆಯಲ್ಲ.”

ಬುರ್ಗಿ ಅಡುಗೆಮನೆಯ ಬಾಗಿಲಿಗೆ ಒರಗಿ ಎಪ್ರನ್ನಿನಿಂದ ಮುಖ ಒರೆಸಿಕೊಂಡಳು. ಇಷ್ಟು ದಿನ ನುಂಗಿಕೊಂಡಿದ್ದ ತಾತ್ಸಾರವೆಲ್ಲ ವೆಂಡೆಲಿನ್‌ನ ನಾಲಿಗೆಗೆ ಬಂತು.

“ಎಂಗಾಡಿನ್ನಾ? ಅಲ್ಲಿ ನೀರು ಕುಡಿದ್ರೂ ಬಿಲ್ ಹಾಕ್ತಾರೆ! ದಿನವಿಡೀ ದನಗಳ ಗಲಾಟೆ ಮೇಡಂ! ಕಾಲು ಗಂಟೆಗೊಂದು ಸಲ ಚರ್ಚಿನ ಗಂಟೆ ತಲೆ ಮೇಲೆ ಬಡೀತದೆ!”

“ಹೌದು. ಕೇಳಿಸಿಕೊಂಡು ಬಂದೆ.”

“ಮತ್ತೆ?” ಅವನು ಬಾಗಿಲು ಪೂರ್ತಿ ತೆರೆದು ಬಿಸಿಲಲ್ಲಿ ಉರಿಯುತ್ತಿದ್ದ ಶಿಖರದ ಕಡೆ ಕೈ ಚಾಚಿದ. “ಅದನ್ನಾದ್ರೂ ನೋಡಿ! ಇಂಥ ನೋಟ ಇದೆಯಾ ಅವರತ್ರ?”

ಫ್ರಾವ್ ಲ್ಯೂಡರ್ಸ್ ಮೊದಲ ಸಲ ತಲೆಯೆತ್ತಿ ಬೆಟ್ಟವನ್ನು ನೋಡಿದಳು.

“ನೋಟ ಚೆನ್ನಾಗೇ ಇದೆ,” ಎಂದಳು. “ಆದರೆ ನಮ್ಮದು ಅಂಧರ ಸಂಘ.”