ಕ್ಯಾಮೆರಾದ ಮುಂದಿನ ನಿಂಬೆಹಣ್ಣು

ಮೂವತ್ತು ದಿನ ಬರಬೇಕಿದ್ದ ಬ್ಯಾಟರಿ ನಾಲ್ಕೇ ದಿನಕ್ಕೆ ಕೈಕೊಟ್ಟಾಗ, ಶಾಜಿಯಾ ಕೇಶ್ವಾಪುರದಿಂದ ಗರಗದ ಹೊಲದವರೆಗೆ ಸ್ಕೂಟರ್ ಓಡಿಸಿದ ಪರಿ ನೋಡಬೇಕಿತ್ತು!

ಸಾಬೂನು ಡಬ್ಬಿಯಷ್ಟು ಕ್ಯಾಮೆರಾ. ಅವಳ ಎರಡು ವರ್ಷದ ದುಡಿಮೆ. ಸದಾ ನಿದ್ದೆಯಲ್ಲಿರಬೇಕು, ಎದುರಿಗೆ ಏನಾದರೂ ಅಲುಗಿದರೆ ಎಚ್ಚೆತ್ತು ನೋಡಬೇಕು, ಬೆಳೆ ತಿನ್ನಲು ಬಂದ ಹಂದಿಯಾದರೆ ಮಾತ್ರ ಅವಳ ಫೋನಿಗೆ ಚಿತ್ರ ಕಳಿಸಿ ಮತ್ತೆ ಮಲಗಬೇಕು. ಒಂದೇ ಬ್ಯಾಟರಿಯಲ್ಲಿ ಒಂದು ತಿಂಗಳು ನಡೆದರೆ ಸುತ್ತಲಿನ ನೂರು ಹೊಲಗಳಿಗೆ ಇಂಥದೇ ಡಬ್ಬಿ. ಇಲ್ಲವಾದರೆ ಕೆಲಸ ಇಲ್ಲಿಗೇ ಬಂದ್.

ಹೊಲಕ್ಕೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಕ್ಯಾಮೆರಾದ ಮೂಗಿನ ಮುಂದೆಯೇ ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ, ಕರಿ ದಾರದಲ್ಲಿ ಗಾಳಿಗೆ ತೂಗಾಡುತ್ತಿದ್ದವು.

"ಅಜ್ಜಿ, ಇದೇನ್ರಿ?"

"ಹಾದಿ ಹಿಡದು ಹೋಗೋರೆಲ್ಲ ನಿಂತು ನೋಡಾಕತ್ತಾರವ್ವ," ಎಂದಳು ಹೊಲದೊಡತಿ ಶಿವಬಸವ್ವ. "ಇಷ್ಟು ಛಲೋ ಮಾಡೀದಿ, ನದರ ಆಗಬಾರದಂತ ಕಟ್ಟೇನಿ."

ಹಣ್ಣು ತೂಗಿದಾಗಲೆಲ್ಲ ಪಾಪದ ಡಬ್ಬಿ ಎದ್ದು ಕೂತು, ಹಂದಿಯಲ್ಲವೆಂದು ಮಲಗಿ, ಮತ್ತೆ ಎದ್ದು, ಸುಸ್ತಾಗಿ ಸತ್ತಿತ್ತು. ವಿಷಯ ತಿಳಿದ ಶಿವಬಸವ್ವನ ಮುಖ ಸಣ್ಣದಾಯಿತು. ಬಿಚ್ಚಲು ಕೈ ಚಾಚಿದಳು.

"ಬ್ಯಾಡ್ರಿ! ಹಂಗ ಇರ್ಲಿ!" ಶಾಜಿಯಾ ಹೆಚ್ಚುಕಡಿಮೆ ಕೂಗಿಯೇಬಿಟ್ಟಳು. "ನೂರು ಹೊಲದಾಗ ಇಟ್ರ ನೂರು ಮಂದಿ ಕಟ್ಟತಾರ. ನಮ್ಮ ಅಮ್ಮೀನೂ ಕಟ್ಟತಾಳ. ಇದರ ಮುಂದನ ನಿದ್ದಿ ಮಾಡೋದನ್ನ ಡಬ್ಬಿಗೆ ಕಲಿಸ್ತೇನಿ."

ಬೇವಿನ ಮರದಡಿ ಲ್ಯಾಪ್‌ಟಾಪ್ ತೆರೆದು ಕೂತವಳಿಗೆ ಊಟದ ಧ್ಯಾಸವೂ ಇರಲಿಲ್ಲ. ಒಂದೇ ಜಾಗದಲ್ಲಿ ಹೋಗಿ ಬಂದು ತೂಗುವುದಕ್ಕೆ ಏಳಬೇಡ, ನಡೆದು ಬರುವುದಕ್ಕೆ ಮಾತ್ರ ಏಳು ಎಂದು ಡಬ್ಬಿಗೆ ಹೇಳಿಕೊಡುವಷ್ಟರಲ್ಲಿ ಹೊತ್ತು ಇಳಿದಿತ್ತು. ಹೊಸ ಬ್ಯಾಟರಿ ಹಾಕಿ ಮೊದಲ ದಿನದಿಂದ ಲೆಕ್ಕ ಶುರುಮಾಡಿದಳು.

ಮೂವತ್ತನೆಯ ದಿನ ಬೆಳಗಿನ ಆರಕ್ಕೆ ಫೋನು ಗುಣುಗುಟ್ಟಿತು. ಶೇಂಗಾ ಸಾಲಿನಲ್ಲಿ ಎರಡು ಹಂದಿ! ಚಿತ್ರದ ಮೂಲೆಯಲ್ಲಿ ನಿಂಬೆಹಣ್ಣು. ಬ್ಯಾಟರಿ ಇನ್ನೂ ಹದಿನೆಂಟು ಪರ್ಸೆಂಟ್. ಹಾಸಿಗೆಯ ಮೇಲೇ ಕುಣಿದಾಡಿದ ಶಾಜಿಯಾ ಶಿವಬಸವ್ವನಿಗೆ ಫೋನು ಹಚ್ಚಿದಳು.

"ಅಜ್ಜಿ, ಲಗೂ ಹೋಗ್ರಿ, ಹಂದಿ ಬಂದಾವ!"

ಆ ಕಡೆಯಿಂದ ಗಂಗಾಳ ಬಡಿದ ಸದ್ದು, ಕೂಗಾಟ. ಸ್ವಲ್ಪ ಹೊತ್ತಿಗೆ ಶಿವಬಸವ್ವ ಏದುಸಿರು ಬಿಡುತ್ತ ಮಾತಿಗೆ ಬಂದಳು.

"ಓಡಿದೂವು! ಭಾಳ ಗಟ್ಟಿ ಐತಿ ಬಿಡವ್ವ ನಿನ್ನ ಡಬ್ಬಿ, ತಿಂಗಳ ಬಂತು. ನನ್ನ ನಿಂಬಿಹಣ್ಣಿನ ಕಸುವು ಅಮಾಸಿಗೇ ಮುಗದಿತ್ತು, ಹೊಸಾದು ಕಟ್ಟೇನಿ."