ಅಳಿಸುವ ಸಾಲು

"ಒತ್ಬ್ಯಾಡಿ ಕಣಣ್ಣ!"

ನಾಗಮಣಿ ಕೂಗಿದ ರಭಸಕ್ಕೆ ಚಂದ್ರಕುಮಾರನ ಬೆರಳು ಮೌಸಿನ ಮೇಲೆಯೇ ನಿಂತಿತು. ಪರದೆಯ ತುಂಬ 'ಸೇವ್ ಆಗಲಿಲ್ಲ' ಎಂಬ ಒಂದೇ ಮಾತು, ಅದರ ಕೆಳಗೆ 'ಓಕೆ' ಎಂಬ ಒಂದೇ ಗುಂಡಿ. ಹಂಗಳದ ಕಣ್ಣಿನ ಶಿಬಿರಕ್ಕೆ ಬಂದಿದ್ದ ತೊಂಬತ್ತಾರು ಜನರ ಕನ್ನಡಕದ ನಂಬರು ಆ ಕಂಪ್ಯೂಟರಿನಲ್ಲಿತ್ತು. ಜನ ಊರು ಸೇರಿದ್ದರು, ಡಾಕ್ಟರು ಗುಂಡ್ಲುಪೇಟೆ ಬಸ್ಸು ಹತ್ತಿಯಾಗಿತ್ತು.

"ಓಕೆ ಅಂದ್ರೆ ಪ್ರೋಗ್ರಾಮು ಮುಚ್ಕತದೆ. ನಂಬರೆಲ್ಲಾ ಟೆಂಪರರಿ ಫೈಲಲ್ಲಿ ಅವೆ. ಪ್ರೋಗ್ರಾಮು ಓಗೋವಾಗ ಆ ಫೈಲ್ನೂ ಅಳಿಸ್ಬುಟ್ಟೇ ಓಯ್ತದೆ."

"ಮತ್ತೇನ್ ಮಾಡನ?"

ತಾನಾಗಿ ಮುಚ್ಚಿಕೊಂಡರೆ ತಾನೇ ಅದು ಅಳಿಸುವುದು? ಆ ಪುರಸೊತ್ತನ್ನೇ ಕೊಡಬಾರದು. ನಾಗಮಣಿ ಮೇಜಿನಡಿ ನುಗ್ಗಿ ಪ್ಲಗ್ಗನ್ನು ಕಿತ್ತೆಳೆದಳು. ಪರದೆ ಕಪ್ಪಾಯಿತು.

"ಅಯ್ಯೋ, ಎಲ್ಲಾ ಕಳ್ದಾಕ್ಬುಟ್ಯಲ್ಲಮ್ಮಿ!" ಚಂದ್ರಕುಮಾರ ತಲೆಯ ಮೇಲೆ ಕೈ ಹೊತ್ತು ಕುಳಿತ.

ನಾಗಮಣಿ ಪ್ಲಗ್ಗನ್ನು ಮತ್ತೆ ಸಿಕ್ಕಿಸಿ ಕಂಪ್ಯೂಟರನ್ನು ಎಬ್ಬಿಸಿದಳು. ಫೋಲ್ಡರಿನಲ್ಲಿ ಫೈಲು ಹಾಗೇ ಇತ್ತು. ಅವಳು ಅದನ್ನು ತೆರೆದಳು. ಮೊದಲ ಸಾಲಿನಲ್ಲಿ ಸಣ್ಣತಾಯಮ್ಮ, ಕೊನೆಯಲ್ಲಿ ತೊಂಬತ್ತಾರನೆಯ ಚಿಕ್ಕಮಾದು.

ಚಂದ್ರಕುಮಾರ ಉಸಿರು ಬಿಟ್ಟ. ಆಮೇಲೆ ಸಿಟ್ಟು ಬಂತು. "ಅಲ್ಲ ಕಣಮ್ಮಿ, ಸೇವ್ ಆಗದೇ ಇದ್ರೂ ಅಳಿಸ್ಬುಡು ಅಂತ ಇದಕ್ಕೆ ಯೋಳ್ಕೊಟ್ಟ ಪುಣ್ಯಾತ್ಮ ಯಾವನು?"

ನಾಗಮಣಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನಾನೇ ಕಣಣ್ಣ."